ಅಗೆಯದೆ ಬಿಟ್ಟ ನೆಲ

ಪುರಾತತ್ವ ಓದಿದವಳು ಎಂದು ಗೊತ್ತಾದ ಕೂಡಲೇ ಜನ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ನಾಲ್ಕೇ. ಬಂಗಾರ ಸಿಕ್ಕಿತಾ? ಡೈನೋಸಾರ್ ಮೂಳೆ ನೋಡಿದ್ದೀರಾ? ಇದನ್ನು ಓದಿದರೆ ಕೆಲಸ ಸಿಗುತ್ತಾ? ಹಳೆಯ ಊರು ಇದೆ ಎಂದು ಗೊತ್ತಿದ್ದ ಮೇಲೆ ಪೂರ್ತಿ ಅಗೆದು ನೋಡಬಾರದೇಕೆ?

ಮೊದಲ ಮೂರಕ್ಕೆ ಉತ್ತರ ಹೇಳುವುದು ಸುಲಭ. ನಾವು ಹುಡುಕುವುದು ಬಂಗಾರವನ್ನಲ್ಲ, ಜನ ಬದುಕಿದ ರೀತಿಯನ್ನು. ಒಡೆದ ಮಡಕೆ, ಸುಟ್ಟ ಕಾಳು, ಒಲೆಯ ಬೂದಿ ಅದನ್ನು ಚೆನ್ನಾಗಿಯೇ ಹೇಳುತ್ತವೆ. ಡೈನೋಸಾರ್‌ಗಳು ಮನುಷ್ಯ ಕಾಣಿಸಿಕೊಳ್ಳುವ ಕೋಟ್ಯಂತರ ವರ್ಷ ಮೊದಲೇ ಅಳಿದವು. ಅವುಗಳ ಅಧ್ಯಯನವೇ ಬೇರೆ ಶಾಸ್ತ್ರ. ಇನ್ನು ಕೆಲಸ: ಮೈಸೂರು ವಿಶ್ವವಿದ್ಯಾಲಯದಲ್ಲೋ ಪುಣೆಯ ಡೆಕ್ಕನ್ ಕಾಲೇಜಿನಲ್ಲೋ ಎಂ.ಎ. ಮಾಡಬಹುದು. ಪುರಾತತ್ವ ಇಲಾಖೆ, ವಸ್ತುಸಂಗ್ರಹಾಲಯ, ಅಧ್ಯಾಪನ ಎಂದು ದಾರಿಗಳಿವೆ. ಹುದ್ದೆಗಳು ಮಾತ್ರ ಕಡಿಮೆ, ಕಾಯುವ ತಾಳ್ಮೆ ಬೇಕು.

ನಾಲ್ಕನೆಯದು ಮಾಹಿತಿಯ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ.

ಅಗೆಯುವುದೆಂದರೆ ಕೆಡವುವುದು. ರಸಾಯನಶಾಸ್ತ್ರದವರು ಪ್ರಯೋಗ ತಪ್ಪಿದರೆ ಮತ್ತೆ ಮಾಡುತ್ತಾರೆ. ಶಾಸನವನ್ನು ಒಬ್ಬರು ತಪ್ಪಾಗಿ ಓದಿದರೆ ಇನ್ನೊಬ್ಬರು ಸರಿಯಾಗಿ ಓದಬಹುದು, ಕಲ್ಲು ಅಲ್ಲೇ ಇರುತ್ತದೆ. ಮಣ್ಣಿನ ಪದರ ಹಾಗಲ್ಲ. ಯಾವ ಚೂರು ಯಾವುದರ ಮೇಲಿತ್ತು, ಯಾವುದರ ಪಕ್ಕದಲ್ಲಿತ್ತು ಎಂಬುದೇ ಅದರ ಅರ್ಥ. ಒಮ್ಮೆ ಎತ್ತಿದರೆ ಆ ಜೋಡಣೆ ಮತ್ತೆ ಬರುವುದಿಲ್ಲ. ಉಳಿಯುವುದು ನಾವು ಬರೆದಿಟ್ಟಷ್ಟು ಮಾತ್ರ. ನಾವು ಏನನ್ನು ಬರೆದಿಡುತ್ತೇವೆ? ನಮ್ಮ ಕಾಲಕ್ಕೆ ಮುಖ್ಯವೆನಿಸಿದ್ದನ್ನು.

ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯನ್ನೇ ನೋಡಿ. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅಲ್ಲಿ ಅಗೆದರು. ಆ ಕಾಲಕ್ಕೆ ಅವರಷ್ಟು ಶಿಸ್ತಿನವರು ವಿರಳ. ಪದರ ಪದರವಾಗಿ ಗುರುತು ಹಾಕಿ, ಕಲ್ಲಿನ ಕೊಡಲಿಯ ಜನ, ಆಮೇಲೆ ಕಬ್ಬಿಣ ಬಳಸಿದ ಬೃಹತ್ ಶಿಲಾ ಸಮಾಧಿಗಳ ಜನ ಎಂದು ಕ್ರಮ ತೋರಿಸಿದರು. ಆ ಕ್ರಮ ಇಂದಿಗೂ ನಿಂತಿದೆ. ಕಾಲನಿರ್ಣಯ ಮಾತ್ರ ನಿಲ್ಲಲಿಲ್ಲ. ಸಮಾಧಿಗಳ ಜನ ಸುಮಾರು ಕ್ರಿ.ಪೂ. 200ರ ಹೊತ್ತಿಗೆ ಬಂದರೆಂದು ಅವರು ಲೆಕ್ಕ ಹಾಕಿದ್ದರು. ಇದ್ದಿಲಿನಿಂದ ಕಾಲ ಅಳೆಯುವ ರೇಡಿಯೋಕಾರ್ಬನ್ ವಿಧಾನ ಹೊರಬಂದದ್ದು 1949ರಲ್ಲಿ, ಎರಡೇ ವರ್ಷದ ನಂತರ! 1960ರ ದಶಕದಲ್ಲಿ ಎಂ.ಎಸ್. ನಾಗರಾಜರಾವ್ ಅವರು ಹಾವೇರಿ ಜಿಲ್ಲೆಯ ಹಳ್ಳೂರಿನಲ್ಲಿ ಅಗೆದಾಗ, ಅಲ್ಲಿನ ಇದ್ದಿಲು ಕಬ್ಬಿಣದ ಬಳಕೆಯನ್ನು ಸುಮಾರು ಕ್ರಿ.ಪೂ. 1000ಕ್ಕೆ ಒಯ್ದಿತು.

ಇಲ್ಲಿ ವ್ಹೀಲರ್ ಅವರ ತಪ್ಪೇನಿಲ್ಲ. ಇನ್ನೂ ಹುಟ್ಟದ ವಿಧಾನವನ್ನು ಯಾರೂ ಬಳಸಲಾರರು. ನನ್ನನ್ನು ಕಾಡುವುದು ಹಳ್ಳೂರಿನ ನೆಲ. 1947ರ ಉತ್ಸಾಹದಲ್ಲಿ ಇಂಥ ಊರುಗಳನ್ನೆಲ್ಲ ಪೂರ್ತಿ ಅಗೆದು ಮುಗಿಸಿದ್ದರೆ ಆ ಇದ್ದಿಲು ಎಲ್ಲಿರುತ್ತಿತ್ತು? ಮಣ್ಣಿನ ರಾಶಿಯಲ್ಲಿ. ಇಂದು ನಾವು ಬುಟ್ಟಿಯಲ್ಲಿ ಹೊತ್ತು ಚೆಲ್ಲುತ್ತಿರುವುದರಲ್ಲಿ ಮುಂದಿನವರ ಇದ್ದಿಲು ಯಾವುದು? ಆದ್ದರಿಂದಲೇ ಸ್ವಲ್ಪ ಅಗೆದು, ಉಳಿದದ್ದನ್ನು ಬಿಡುವುದು ಈ ಶಾಸ್ತ್ರದ ನಡವಳಿಕೆಯಾಗಿದೆ.

ಹಾಗೆಂದು ಸುಮ್ಮನೆ ಬಿಡುವುದೂ ಪುಣ್ಯದ ಕೆಲಸವಲ್ಲ. ಬಳ್ಳಾರಿ ಸಮೀಪದ ಸಂಗನಕಲ್ಲಿನ ಗುಡ್ಡಗಳಲ್ಲಿ ಶಿಲಾಯುಗದ ಜನರ ನೆಲೆಗಳಿವೆ, ಬಂಡೆಗಳ ಮೇಲೆ ಅವರು ಕುಟ್ಟಿ ಬಿಡಿಸಿದ ಚಿತ್ರಗಳಿವೆ. ಆ ಗುಡ್ಡಗಳನ್ನು ಕಲ್ಲು ಗಣಿಗಾರಿಕೆ ತಿಂದಿದೆ. ಕಾಯುವವರಿಲ್ಲದ ಕಡೆ ‘ಮುಂದಿನವರಿಗಾಗಿ ಬಿಟ್ಟಿದ್ದೇವೆ’ ಎನ್ನುವುದು ಬರೀ ಮಾತು. ಜೆಸಿಬಿ ಬರುವುದು ಖಚಿತವಾದರೆ ಅಗೆದು ದಾಖಲಿಸುವುದೇ ಧರ್ಮ. ಜಾಗಕ್ಕೆ ಅಪಾಯವಿಲ್ಲದಿದ್ದರೆ ಕೈ ತಡೆಯುವುದು ಧರ್ಮ. ಯಾವುದು ಯಾವಾಗ ಎಂದು ತೂಗಿ ನೋಡುವುದರಲ್ಲೇ ಪುರಾತತ್ವಜ್ಞರ ನಿಜವಾದ ಪರೀಕ್ಷೆ ಇದೆ.

ಕೈ ತಡೆಯುವುದು ಹೇಳಿದಷ್ಟು ಸುಲಭವಲ್ಲ. ಗುಂಡಿಯ ಅಂಚಿನಲ್ಲಿ ಗೋಡೆಯೊಂದರ ತುದಿ ಕಂಡು, ಅದು ಎಲ್ಲಿಗೆ ಹೋಗುತ್ತದೆಂದು ತಿಳಿಯದೆ ಮಣ್ಣು ಮುಚ್ಚಿ ಬರುವಾಗ ಒಳಗೊಳಗೇ ಸಂಕಟವಾಗುತ್ತದೆ. ನನ್ನ ಜೀವಿತದಲ್ಲೇ, ನನಗೇ ತಿಳಿಯಬೇಕೆಂಬ ಆಸೆ ಅದು. ಜ್ಞಾನದ ಆಸೆಯೂ ಆಸೆಯೇ. ಅದಕ್ಕೆ ಬೇರೆ ಆಸೆಗಳಿಗಿಂತ ಹೆಚ್ಚಿನ ಹಕ್ಕು ಇದೆಯೆಂದು ನನಗನ್ನಿಸುವುದಿಲ್ಲ. ಸತ್ತವರು ಬಿಟ್ಟುಹೋದದ್ದು ನಮಗೊಬ್ಬರಿಗೇ ಬಂದ ಪಾಲಲ್ಲ.

ಈ ಕ್ಷೇತ್ರಕ್ಕೆ ಬರಬೇಕೆಂದಿರುವ ವಿದ್ಯಾರ್ಥಿಗಳು ಸಂಬಳ, ಹುದ್ದೆಗಳ ಬಗ್ಗೆ ವಿಚಾರಿಸಲಿ, ಅದು ಅಗತ್ಯ. ಜೊತೆಗೆ ಇನ್ನೊಂದನ್ನು ತಮ್ಮನ್ನೇ ಕೇಳಿಕೊಳ್ಳಲಿ: ಉತ್ತರ ಇಲ್ಲೇ ಎರಡು ಅಡಿ ಕೆಳಗಿದೆ ಎಂದು ಗೊತ್ತಿದ್ದೂ, ಹೆಸರೂ ಮುಖವೂ ತಿಳಿಯದ ಯಾರಿಗೋ ಅದನ್ನು ಬಿಟ್ಟುಕೊಡಲು ನನ್ನಿಂದ ಆಗುತ್ತದೆಯೇ?