ಮನೆತನದ ಅಂಗಡಿ ಯಾರದು?

ಒಂದು ಮನೆತನ ಕಟ್ಟಿದ ಪೇಟೆಯ ದೊಡ್ಡ ಅಂಗಡಿ ಏಕೆ ಬೆಳೆಯಿತು, ಏಕೆ ಕುಸಿಯಿತು ಎಂಬುದನ್ನು ಕಿರ್ದಿ-ಖಾತೆಗಳು ಹೇಳಬಲ್ಲವು. ಆ ಅಂಗಡಿ ಯಾರ ಸೊತ್ತು, ಅದು ಕೈಬಿಟ್ಟರೆ ಮನೆತನದ ಧರ್ಮವೂ ಸೋತಂತೆಯೇ ಎಂಬುದನ್ನು ಅವು ಹೇಳಲಾರವು. ಅದು ಧರ್ಮಜಿಜ್ಞಾಸೆಯ ವಿಷಯ.

ಕರ್ನಾಟಕದಲ್ಲಿ ಇದಕ್ಕೆ ಎದ್ದು ಕಾಣುವ ಉದಾಹರಣೆ ನೀಲಗಿರೀಸ್. 1905ರಲ್ಲಿ ಮುತ್ತುಸ್ವಾಮಿ ಮೊದಲಿಯಾರ್ ನೀಲಗಿರಿ ಸೀಮೆಯಲ್ಲಿ ಬೆಣ್ಣೆಯ ವ್ಯಾಪಾರ ಆರಂಭಿಸಿದರು. 1936ರಲ್ಲಿ ಅದು ಬೆಂಗಳೂರಿನ ಬ್ರಿಗೇಡ್ ರಸ್ತೆಗೆ ಬಂದಿತು. ಬ್ರೆಡ್, ಕೇಕ್, ಹಾಲಿನ ಪದಾರ್ಥಗಳಿಗೆ ಹೆಸರಾಗಿ ಸೂಪರ್‌ಮಾರ್ಕೆಟ್ ಆಯಿತು. ಮುಂದೆ ಹೆಚ್ಚಿನ ಪಾಲು ಹೂಡಿಕೆದಾರರ ಕೈಸೇರಿತು. 2014ರಲ್ಲಿ ಫ್ಯೂಚರ್ ಸಮೂಹ ಅದನ್ನು ಕೊಂಡಿತು. ಹೆಸರು ಉಳಿದರೂ ಒಡೆತನ ಮನೆತನದ್ದಾಗಿ ಉಳಿಯಲಿಲ್ಲ.

ಕೃಷ್ಣಾ-ಭೀಮಾ ನದಿಗಳ ನಡುವಿನ ವಡಗೇರಾದಂಥ ಊರುಗಳಲ್ಲಿ ಅಂಗಡಿಯ ಅಳತೆ ಚಿಕ್ಕದು, ಪ್ರಶ್ನೆ ಮಾತ್ರ ಅದೇ. ಒಕ್ಕಲಿಗರಿಗೆ ಉದ್ರಿ ಕೊಟ್ಟು, ರಾಶಿಯಾದ ಮೇಲೆ ಬಾಕಿ ವಸೂಲು ಮಾಡುವ ಕಿರಾಣಿ ಮತ್ತು ಅರಿವೆ ಅಂಗಡಿಗಳು ನಿಂತಿರುವುದು ನಂಬಿಕೆಯ ಮೇಲೆ. ಮಳೆ ಕೈಕೊಟ್ಟರೆ ಒಕ್ಕಲಿಗನೊಂದಿಗೆ ಸೌಕಾರನೂ ಸೊರಗುತ್ತಾನೆ. ಅಣ್ಣತಮ್ಮಂದಿರು ಬೇರೆಯಾದರೆ ಬಂಡವಾಳವೂ ಒಡೆಯುತ್ತದೆ.

ಈ ಪಾಲಿನ ಬೇರು ಶಾಸ್ತ್ರದಲ್ಲಿದೆ. ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ಮಿತಾಕ್ಷರ ವ್ಯಾಖ್ಯಾನದ ಪ್ರಕಾರ, ಪಿತ್ರಾರ್ಜಿತ ಆಸ್ತಿಯಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕಿದೆ. ಬಂಗಾಳದ ದಾಯಭಾಗ ಪದ್ಧತಿಯಲ್ಲಿ ಆ ಹಕ್ಕು ಬರುವುದು ತಂದೆಯ ಮರಣಾನಂತರ. 1994ರಲ್ಲಿ ಕರ್ನಾಟಕದ ಕಾಯ್ದೆ, 2005ರಲ್ಲಿ ಕೇಂದ್ರದ ತಿದ್ದುಪಡಿ ಹೆಣ್ಣುಮಕ್ಕಳಿಗೂ ಜನ್ಮಹಕ್ಕು ಕೊಟ್ಟವು. ಹೀಗೆ ನೋಡಿದರೆ ಪಿತ್ರಾರ್ಜಿತ ಅಂಗಡಿಯ ಯಜಮಾನ ಅದರ ಏಕಮಾತ್ರ ಒಡೆಯನಲ್ಲ. ಹುಟ್ಟಲಿರುವವರ ಪಾಲನ್ನೂ ಕಾಯುವವನು.

ಶರಣರು ಇನ್ನೂ ಮುಂದೆ ಹೋದರು. ಸುರಪುರ ಸೀಮೆಯ ಮುದನೂರಿನ ನೇಕಾರ ದೇವರ ದಾಸಿಮಯ್ಯನು ತಾನು ನೇಯ್ದ ಬಟ್ಟೆಯನ್ನು ವೃದ್ಧ ಜಂಗಮನಿಗೆ ಕೊಟ್ಟು, ಅವನು ಅದನ್ನು ಹರಿದರೂ ನೊಂದುಕೊಳ್ಳದೆ, ಎಂದೂ ಬರಿದಾಗದ ತವನಿಧಿಯನ್ನು ಪಡೆದನೆಂಬುದು ಐತಿಹ್ಯ. ಲಿಂಗಸುಗೂರು ಸೀಮೆಯ ಅಮರೇಶ್ವರದ ಆಯ್ದಕ್ಕಿ ಲಕ್ಕಮ್ಮ, ಪತಿ ಮಾರಯ್ಯ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಹಿಂದಿರುಗಿಸಲು ಹೇಳಿದಳು. ದುಡಿಮೆ ಕಾಯಕವಾಗಬೇಕು, ಮಿಕ್ಕದ್ದು ದಾಸೋಹಕ್ಕೆ ಸಲ್ಲಬೇಕು. ಕೂಡಿಡುವ ಆಸೆ ಕಾಯಕವನ್ನೇ ಕೆಡಿಸುತ್ತದೆ ಎಂಬುದು ಇವುಗಳ ತಾತ್ಪರ್ಯ.

ಜೈನ ಗೃಹಸ್ಥನ ಪರಿಗ್ರಹ ಪರಿಮಾಣ ವ್ರತವೂ ಸಂಪತ್ತಿಗೆ ಮಿತಿ ಹಾಕಿಕೊಳ್ಳಲು ಹೇಳುತ್ತದೆ. ಸಿರಿವಂತನು ತನ್ನ ಸಂಪತ್ತಿಗೆ ಸಮಾಜದ ಪರವಾದ ಧರ್ಮದರ್ಶಿ ಮಾತ್ರ ಎಂದು ಗಾಂಧೀಜಿ ವಾದಿಸಿದರು.

ಈ ವಿಚಾರಗಳನ್ನು ಒಟ್ಟಿಗೆ ಇಟ್ಟರೆ, ಅಂಗಡಿ ಮುಚ್ಚುವುದು ಪಾಪದ ಫಲವೂ ಅಲ್ಲ, ಬಹುಕಾಲ ಬಾಳುವುದು ಪುಣ್ಯದ ಗುರುತೂ ಅಲ್ಲ. ತೂಕದಲ್ಲಿ ಮೋಸವಿತ್ತೇ, ಬರಗಾಲದಲ್ಲಿ ಉದ್ರಿ ಸಿಕ್ಕಿತೇ, ಆಳುಗಳ ಸಂಬಳ ತೀರಿತೇ, ಪಾಲು ನ್ಯಾಯವಾಗಿ ಹಂಚಿಕೆಯಾಯಿತೇ ಎಂಬುದೇ ಮನೆತನದ ಧರ್ಮದ ಅಳತೆ. ಬಾಗಿಲು ಹಾಕುವ ದಿನವೂ ಈ ಋಣಗಳನ್ನು ತೀರಿಸಿದ ಮನೆತನ ವ್ಯಾಪಾರದಲ್ಲಿ ಸೋತಿರಬಹುದು, ಕಾಯಕದಲ್ಲಿ ಸೋತಿಲ್ಲ.