ನೋವು ಯಾವಾಗ ಶುರುವಾಯಿತು?

2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾ ಆಸ್ಪತ್ರೆಯಿಂದ ಬಾಣಂತಿಯರ ಸಾವಿನ ಸುದ್ದಿ ಒಂದರ ಹಿಂದೊಂದು ಬರತೊಡಗಿದಾಗ ನಮ್ಮ ಸಂಗನಕಲ್ಲಿನಲ್ಲಿ ಬೇರೆ ಮಾತೇ ಇರಲಿಲ್ಲ. ಕಷ್ಟದ ಹೆರಿಗೆ ಎಂದರೆ ನಮ್ಮೂರಿನವರು ಓಡುವುದು ಬಳ್ಳಾರಿಗೇ. ಆ ತಿಂಗಳ 9ರಿಂದ 11ರವರೆಗೆ ಅಲ್ಲಿ 34 ಸಿಸೇರಿಯನ್ ಹೆರಿಗೆಗಳಾಗಿದ್ದವು. ಅವರಲ್ಲಿ 7 ಮಂದಿಗೆ ಮೂತ್ರಪಿಂಡ ಕೈಕೊಟ್ಟು, ಒಂದೊಂದೇ ಅಂಗ ಸೋಲತೊಡಗಿ, ಡಿಸೆಂಬರ್ ಮೊದಲ ವಾರದ ಹೊತ್ತಿಗೆ 5 ಮಂದಿ ತೀರಿಕೊಂಡರು. ಶಂಕೆ ಹೋದದ್ದು ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣದ ಮೇಲೆ. ನಮ್ಮ ಜನ ‘ಗ್ಲೂಕೋಸ್ ಬಾಟ್ಲಿ’ ಎನ್ನುತ್ತಾರಲ್ಲ, ಅಂಥದ್ದೇ ಒಂದು. ಅದೇ ಕಂಪನಿಯ ಕೆಲವು ಬ್ಯಾಚುಗಳನ್ನು ರಾಜ್ಯದ ಪ್ರಯೋಗಾಲಯ ಮೊದಲೇ ಕಳಪೆ ಎಂದಿತ್ತು, ಕೇಂದ್ರದ ಪ್ರಯೋಗಾಲಯ ಸರಿಯಿದೆ ಎಂದಿತ್ತು ಎಂಬುದು ಆಮೇಲೆ ಹೊರಬಿತ್ತು. ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು.

ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲೂ ನ್ಯಾಯಪಂಚಾಯ್ತಿ ನಡೆಯಿತು. ಡಾಕ್ಟರದೇ ತಪ್ಪು ಎಂದರು ಒಬ್ಬರು. ಕಂಪನಿಯದು ಎಂದರು ಇನ್ನೊಬ್ಬರು. ಸರ್ಕಾರದ್ದು ಎಂದರು ಹೆಡ್‌ಮಾಸ್ತರರು. ಬಿಸಿಯೂಟದ ಪಾತ್ರೆ ಒಯ್ಯಲು ಬಂದ ಅಡುಗೆಯ ಅಕ್ಕ ಬಾಗಿಲಲ್ಲೇ ನಿಂತು ಎಲ್ಲವನ್ನೂ ಕೇಳಿಸಿಕೊಂಡು ಕೊನೆಗೆ ಅಂದರು: “ಯಾರ್ದಾರ ಆಗ್ಲಿ ಬಿಡ್ರಿ ಟೀಚರ್, ಆ ಕೂಸುಗುಳು ದೊಡ್ಡವಾಗಿ ನಮ್ಮವ್ವ ಹೆಂಗ ಸತ್ಲು ಅಂತ ಕೇಳಿದ್ರ ಏನಂತ ಹೇಳ್ತಾರ?”

ಯಾರೂ ಉತ್ತರಿಸಲಿಲ್ಲ. ನನಗಂತೂ ಬಾಯಿ ಕಟ್ಟಿಹೋಯಿತು. ಅದಕ್ಕೆ ನನ್ನದೇ ಕಾರಣವಿತ್ತು.

ಇದು ಇಪ್ಪತ್ತು ವರ್ಷಗಳ ಹಿಂದಿನ ಮಾತು. ಏಳನೇ ತರಗತಿಯ ಹುಡುಗಿಯೊಬ್ಬಳು ಬೆಳಗಿನ ಮೊದಲ ಪೀರಿಯಡ್ಡಿನಲ್ಲೇ ಎದ್ದು ನಿಂತು, “ಟೀಚರ್, ಹೊಟ್ಟಿ ನೋಯ್ತೈತ್ರಿ” ಎಂದಳು. ಅಂದು ಲೆಕ್ಕದ ಪರೀಕ್ಷೆ. ಪರೀಕ್ಷೆಯ ದಿನ ಬರುವ ಹೊಟ್ಟೆನೋವುಗಳನ್ನು ನಾನು ಬಹಳ ನೋಡಿದ್ದೆ. “ಕೂತ್ಕೋ, ಬರಿ” ಎಂದು ಗದರಿದೆ. ಕೂತಳು, ಬರೆದಳು. ಮಧ್ಯಾಹ್ನ ಊಟಕ್ಕೆ ಏಳಲಿಲ್ಲ. ಮೈ ಮುಟ್ಟಿ ನೋಡಿದರೆ ಸುಡುತ್ತಿತ್ತು. ಆಟೋ ಮಾಡಿಕೊಂಡು ಬಳ್ಳಾರಿಯ ಒಂದು ಆಸ್ಪತ್ರೆಗೆ ನಾನೇ ಕರೆದೊಯ್ದೆ. ಮೆಣಸಿನಕಾಯಿ ಹೊಲಕ್ಕೆ ಕೂಲಿಗೆ ಹೋಗಿದ್ದ ಅವಳ ಅಪ್ಪ ಹೇಳಿಕಳಿಸಿದ ಮೇಲೆ ಓಡಿಬಂದರು.

ಡಾಕ್ಟರು ಹುಡುಗಿಯ ಹೊಟ್ಟೆ ಒತ್ತಿ ನೋಡಿ, ತಲೆಯೆತ್ತಿ ನನ್ನನ್ನು ಕೇಳಿದರು: “ನೋವು ಯಾವಾಗ ಶುರುವಾಯಿತು?” ಅಪ್ಪ ಪಕ್ಕದಲ್ಲೇ ಇದ್ದರು. “ಮಧ್ಯಾಹ್ನ ಊಟದ ಹೊತ್ತಿಗೆ” ಎಂದುಬಿಟ್ಟೆ. ಹುಡುಗಿ ನನ್ನ ಮುಖ ನೋಡಿದಳು. ಡಾಕ್ಟರು ಅವಳನ್ನೇನೂ ಕೇಳಲಿಲ್ಲ. ಈಗ ತಾನೇ ಶುರುವಾಗಿದೆ, ಬೆಳಗಿನವರೆಗೆ ನೋಡೋಣ ಎಂದರು. ಅದು ಅಪೆಂಡಿಸೈಟಿಸ್. ರಾತ್ರಿ ಕರುಳಬಾಲ ಒಡೆದು ಕೀವು ಹೊಟ್ಟೆಯೊಳಗೆಲ್ಲ ಹರಡಿತು. ನಡುರಾತ್ರಿ ಆಪರೇಷನ್ ಆಯಿತು. ಹದಿನೆಂಟು ದಿನ ಮಲಗಿದ ಹುಡುಗಿ, ಪುಣ್ಯಕ್ಕೆ ಬದುಕಿದಳು. ವಾಸಿಯಾದ ಮೇಲೆ ಅವಳ ಅಪ್ಪ ಒಂದು ಚೀಲ ಮೆಣಸಿನಕಾಯಿ ತಂದು ಮನೆಯ ಕಟ್ಟೆಯ ಮೇಲಿಟ್ಟು, “ನೀವಿಲ್ಲಂದ್ರ ನಮ್ ಹುಡುಗಿ ಉಳೀತಿದ್ದಿಲ್ಲ” ಎಂದು ಕೈ ಮುಗಿದರು. ಆ ಕೈಗಳನ್ನು ನಾನು ಇಂದಿಗೂ ಮರೆತಿಲ್ಲ.

ನಿಜ ಹೇಳಿದ್ದರೆ ಡಾಕ್ಟರು ಸಂಜೆಯೇ ಕೊಯ್ಯುತ್ತಿದ್ದರೇನೋ. ಗದರಿ ಕೂರಿಸಿದ್ದು ನನ್ನ ತಪ್ಪು, ಆದರೆ ಅದು ತಿಳಿಯದೆ ಆದದ್ದು. ಯಾವ ಟೀಚರಿಗಾದರೂ ಆಗಬಹುದಾದದ್ದು. ಆಸ್ಪತ್ರೆಯಲ್ಲಿ ಹೇಳಿದ ಸುಳ್ಳು ತಿಳಿದೇ ಹೇಳಿದ್ದು. ಮೊದಲನೆಯದನ್ನು ತಪ್ಪು ಎನ್ನಬಹುದು. ಎರಡನೆಯದಕ್ಕೆ ಬೇರೆ ಹೆಸರು ಬೇಕು.

ಈ ಎರಡರ ನಡುವಿನ ಅಂತರ ದೊಡ್ಡದೊಡ್ಡವರಿಗೂ ದಾಟಲು ಕಷ್ಟವಾದದ್ದೇ. 1840ರ ದಶಕದಲ್ಲಿ ವಿಯೆನ್ನಾದ ದೊಡ್ಡಾಸ್ಪತ್ರೆಯಲ್ಲಿ ಎರಡು ಹೆರಿಗೆ ವಾರ್ಡುಗಳಿದ್ದವು. ಒಂದನ್ನು ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು ನೋಡಿಕೊಳ್ಳುತ್ತಿದ್ದರು, ಇನ್ನೊಂದನ್ನು ಸೂಲಗಿತ್ತಿಯರು. ಬಾಣಂತಿ ಜ್ವರದಿಂದ ಹೆಚ್ಚು ಸಾಯುತ್ತಿದ್ದುದು ವೈದ್ಯರ ವಾರ್ಡಿನಲ್ಲಿ. ಬಸುರಿಯರು ಅಲ್ಲಿಗೆ ಹಾಕಬೇಡಿರೆಂದು ಕಾಲು ಹಿಡಿಯುತ್ತಿದ್ದರಂತೆ. 1847ರಲ್ಲಿ ಸೆಮ್ಮೆಲ್‌ವೈಸ್ ಎಂಬ ವೈದ್ಯನ ಗೆಳೆಯನೊಬ್ಬ ಹೆಣ ಕೊಯ್ಯುವಾಗ ಚಾಕು ತಾಗಿ, ಅದೇ ಬಾಣಂತಿ ಜ್ವರದ ಲಕ್ಷಣಗಳಿಂದ ಸತ್ತ. ಸೆಮ್ಮೆಲ್‌ವೈಸನಿಗೆ ಆಗ ಹೊಳೆಯಿತು: ಶವಾಗಾರದಿಂದ ನೇರವಾಗಿ ಹೆರಿಗೆ ಮಾಡಿಸಲು ಬರುವ ನಮ್ಮ ಕೈಗಳೇ ವಿಷ ತರುತ್ತಿವೆ. ಕ್ಲೋರಿನ್ ಸುಣ್ಣದ ನೀರಿನಲ್ಲಿ ಎಲ್ಲರೂ ಕೈ ತೊಳೆಯಬೇಕೆಂದು ಕಟ್ಟಪ್ಪಣೆ ಮಾಡಿದ. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಕೆಲವೇ ತಿಂಗಳಲ್ಲಿ ನೂರಕ್ಕೆ 2ರ ಆಸುಪಾಸಿಗೆ ಇಳಿಯಿತು.

ಇಷ್ಟಾದರೂ ಬಹುಪಾಲು ವೈದ್ಯರು ಒಪ್ಪಲಿಲ್ಲ. ಕೈ ತೊಳೆಯುವುದೇನು ಕಷ್ಟದ ಕೆಲಸವೇ? ಕಷ್ಟ ಬೇರೆಯದಿತ್ತು. ಇಂದು ಕೈ ತೊಳೆದರೆ, ನಿನ್ನೆಯವರೆಗೆ ತೊಳೆಯದ ಕೈಯಿಂದ ಎಷ್ಟು ತಾಯಂದಿರು ಸತ್ತರು ಎಂದು ಲೆಕ್ಕ ಹಾಕಬೇಕಾಗುತ್ತದೆ. ಜರ್ಮನಿಯ ಕೀಲ್ ಊರಿನ ಮಿಖಾಯೆಲಿಸ್ ಎಂಬ ವೈದ್ಯ ಆ ಲೆಕ್ಕ ಹಾಕಿದ. ತನ್ನ ಆರೈಕೆಯಲ್ಲೇ ಹೆತ್ತು ಸತ್ತ ತನ್ನ ಸಂಬಂಧಿಕಳ ನೆನಪು ತಾಳಲಾರದೆ 1848ರಲ್ಲಿ ಪ್ರಾಣ ಕಳೆದುಕೊಂಡ. ಉಳಿದವರು ಲೆಕ್ಕ ಹಾಕದೆ ನೆಮ್ಮದಿಯಾಗಿದ್ದರು. ಅವರ ವಾರ್ಡುಗಳಲ್ಲಿ ಸಾವು ಮುಂದುವರಿಯಿತು.

ಇಲ್ಲೇ ಧರ್ಮಸಂಕಟವಿದೆ. ತಪ್ಪೊಪ್ಪಿದವನನ್ನು ಬೀದಿಗೆಳೆದರೆ ನಾಳೆ ಯಾರೂ ಒಪ್ಪುವುದಿಲ್ಲ. ನಾನು ಸುಳ್ಳು ಹೇಳಿದ್ದು ಆ ಹೆದರಿಕೆಯಿಂದಲೇ. ಅದಕ್ಕೇ ಇಂಗ್ಲೆಂಡಿನಲ್ಲಿ 1952ರಿಂದ, ನಮ್ಮ ನೆರೆಯ ಕೇರಳದಲ್ಲಿ 2004ರಿಂದ, ಬಾಣಂತಿಯ ಸಾವನ್ನು ಹೆಸರುಗಳನ್ನು ತೆಗೆದಿಟ್ಟು ಪರಿಶೀಲಿಸುವ ಪದ್ಧತಿ ಬಂದಿದೆ. ಅಲ್ಲಿ ಕೇಳುವುದು ಯಾರು ಎಂದಲ್ಲ, ಹೇಗೆ ಎಂದು. ಬಳ್ಳಾರಿಯ ಘಟನೆಯ ನಂತರ ನಮ್ಮ ಸರ್ಕಾರವೂ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಸಾವುಗಳ ಪರಿಶೀಲನೆ ಮಾಡಿಸಿತು. ಅವುಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚನ್ನು ತಡೆಯಬಹುದಾಗಿತ್ತು ಎಂದು ವರದಿ ಹೇಳಿತು. ಇದು ಒಳ್ಳೆಯ ಕೆಲಸವೇ. ಆದರೆ ಅಡುಗೆಯ ಅಕ್ಕನ ಪ್ರಶ್ನೆ ಬಾಗಿಲಲ್ಲಿ ಇನ್ನೂ ನಿಂತೇ ಇದೆ. ‘ತಡೆಯಬಹುದಾಗಿತ್ತು’ ಎಂಬ ಮಾತು ವರದಿಯಲ್ಲಿದ್ದರೆ ಸಾಕೇ? ನಿಮ್ಮ ತಾಯಿಯ ಸಾವೂ ಅವುಗಳಲ್ಲಿ ಒಂದು ಎಂದು ಆ ಮಗುವಿನ ಮನೆಯ ಹೊಸ್ತಿಲಲ್ಲಿ ನಿಂತು ಹೇಳುವವರು ಬೇಡವೇ? ಹೆಸರು ಮರೆಮಾಡುವುದು ಕಲಿಯುವುದಕ್ಕೆ ಬೇಕಾದೀತು. ಕಳೆದುಕೊಂಡವರಿಂದ ನಿಜ ಮರೆಮಾಡುವುದಕ್ಕೆ ಯಾವ ಸಬೂಬೂ ಸಲ್ಲದು.

ನಮ್ಮೂರ ಹಿರೇಗುಡ್ಡದ ಮೇಲೆ ನವಶಿಲಾಯುಗದ ಜನ ಕಲ್ಲುಕೊಡಲಿ ಮಾಡುತ್ತಿದ್ದ ಜಾಗವಿದೆ. ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದುಂಟು. ಮಾಡುವಾಗ ಮುರಿದು ಬಿಸಾಕಿದ ಅರೆಬರೆ ಕೊಡಲಿಗಳು, ಚಕ್ಕೆಗಳು ಅಲ್ಲಿ ಸಿಕ್ಕಿವೆ. ನುಣ್ಣಗೆ ಉಜ್ಜಿದ ಕೊಡಲಿ ಚೆಂದ, ಆದರೆ ಅದನ್ನು ಹೇಗೆ ಮಾಡಿದರೆಂದು ಹೇಳಿಕೊಡುವುದು ಮುರಿದವೇ. ಆ ಜನ ತಮ್ಮ ತಪ್ಪುಗಳನ್ನು ಹೂಳಿಡಲಿಲ್ಲ.

ಕಳೆದ ವರ್ಷ ಆ ಹುಡುಗಿ ತನ್ನ ಮಗನನ್ನು ಶಾಲೆಗೆ ಸೇರಿಸಲು ಬಂದಿದ್ದಳು. ಅರ್ಜಿ ತುಂಬಿದ ಮೇಲೆ ತಡೆಯಲಾರದೆ ಎಲ್ಲವನ್ನೂ ಹೇಳಿದೆ. ಅವಳಿಗೆ ಆಶ್ಚರ್ಯವಾಗಲಿಲ್ಲ. “ನಾನ ಅಲ್ರಿ ಟೀಚರ್, ಮುಂಜಾನಿ ಹೇಳಿದಾಕಿ? ಆದ್ರ ನೀವು ಮಧ್ಯಾಹ್ನ ಅಂದಾಗ, ನನಗ ತಪ್ಪು ತಿಳದೈತೇನೋ ಅನ್ಕಂಡೆ. ಭಾಳ ದಿನ ಹಂಗ ಅನ್ಕಂಡಿದ್ದೆ” ಎಂದಳು.

ನಾನು ಮುಚ್ಚಿಟ್ಟದ್ದು ನನ್ನ ತಪ್ಪನ್ನು ಮಾತ್ರ ಎಂದುಕೊಂಡಿದ್ದೆ. ಅವಳ ನೋವಿನ ಮೇಲೆ ಅವಳಿಗೇ ಇದ್ದ ನಂಬಿಕೆಯನ್ನೂ ಕಸಿದುಕೊಂಡಿದ್ದೆ. ಕ್ಷಮಿಸು ಎಂದೆ. “ಇರ್ಲಿ ಬಿಡ್ರಿ” ಎಂದು ಮಗನ ಕೈ ನನ್ನ ಕೈಗೆ ಕೊಟ್ಟು ಹೊರಟಳು. ಬಾಗಿಲ ತನಕ ಹೋಗಿ ತಿರುಗಿ, “ಇವ ಹೊಟ್ಟಿನೋವು ಅಂದ್ರ ಸ್ವಲ್ಪ ಕೇಳ್ರಿ” ಎಂದಳು.