ಅಭ್ಯಾಸವೂ ಆತ್ಮವಂಚನೆಯೂ

ಪರೀಕ್ಷೆಯ ಹಿಂದಿನ ರಾತ್ರಿ ಅನೇಕ ಮನೆಗಳಲ್ಲಿ ದೀಪ ಆರುವುದಿಲ್ಲ. ವರ್ಷವೆಲ್ಲ ಮುಚ್ಚಿದ್ದ ಪುಸ್ತಕವು ಅಂದು ತೆರೆಯುತ್ತದೆ. ಹುಡುಗನು ಹಾಳೆಯ ಮೇಲೆ ಹಾಳೆ ಮಗುಚುತ್ತ ಉರುಹೊಡೆಯುತ್ತಾನೆ. ತಾಯಿ ನಿದ್ದೆಗೆಟ್ಟು ಹಾಲು ಕಾಯಿಸಿ ಕೊಡುತ್ತಾಳೆ. ತಂದೆಯು ಮಗನ ಶ್ರಮವನ್ನು ಕಂಡು ಹೆಮ್ಮೆಪಡುತ್ತಾನೆ. ಮರುದಿನ ಹುಡುಗನು ಹೋಗಿ ಬರೆದು ಬರುತ್ತಾನೆ. ಹಲವು ವೇಳೆ ಉತ್ತೀರ್ಣನೂ ಆಗುತ್ತಾನೆ. ಬೇಸಗೆಯ ರಜೆ ಕಳೆದ ಮೇಲೆ ಅದೇ ಪಾಠದಿಂದ ಒಂದು ಪ್ರಶ್ನೆ ಕೇಳಿದರೆ ಅವನಿಗೆ ಬಾಯಿ ಬರುವುದಿಲ್ಲ. ಆಗ ಹಿರಿಯರು, "ಮಗುವಿಗೆ ಜ್ಞಾಪಕಶಕ್ತಿ ಸಾಲದು" ಎಂದು ಮರುಗುವುದುಂಟು. ದೋಷವು ನಿಜವಾಗಿ ಜ್ಞಾಪಕಶಕ್ತಿಯದೋ, ಕಲಿತ ರೀತಿಯದೋ? ಇದು ಶಾಲೆಗೆ ಮಾತ್ರ ಸೇರಿದ ಪ್ರಶ್ನೆಯೋ, ಶೀಲಕ್ಕೂ ಸೇರಿದ ಪ್ರಶ್ನೆಯೋ? ಗೃಹಸ್ಥರು ವಿಚಾರಿಸಿ ನೋಡತಕ್ಕ ವಿಷಯವಿದು.

ಮೊದಲು ಒಂದು ಭ್ರಮೆಯನ್ನು ಕಳೆದುಕೊಳ್ಳಬೇಕು. ಕಂಠಪಾಠವೇ ಕೆಟ್ಟದ್ದೆಂದು ಹಲವರು ಹೇಳುತ್ತಾರೆ. ಅದು ಸರಿಯಲ್ಲ. ಅಮರಕೋಶದಲ್ಲಿ ಸುಮಾರು 1,500 ಶ್ಲೋಕಗಳಿವೆ. ಸಂಸ್ಕೃತ ಪಾಠಶಾಲೆಗಳಲ್ಲಿ ಎಳೆಯ ಮಕ್ಕಳು ಅದನ್ನು ಬಾಯಿಗೆ ತಂದುಕೊಳ್ಳುತ್ತಿದ್ದರು. ದಿನಕ್ಕೆ 10 ಶ್ಲೋಕಗಳೆಂದರೂ ಅದು 150 ದಿನಗಳ ಕೆಲಸ. ಹೊಸ ಪಾಠ ದೊರೆಯಬೇಕಾದರೆ ನಿನ್ನೆಯದನ್ನೂ ಮೊನ್ನೆಯದನ್ನೂ ಮೊದಲು ಒಪ್ಪಿಸಬೇಕಾಗಿತ್ತು. ಕೂಲಿಮಠಗಳ ಮಗ್ಗಿಯೂ ಹಾಗೆಯೇ. ಮಕ್ಕಳು ಸಾಲಾಗಿ ಕುಳಿತು ಒಂದರ ಮಗ್ಗಿಯಿಂದ ಮೊದಲ್ಗೊಂಡು ಗಟ್ಟಿಯಾಗಿ ಹೇಳುತ್ತಿದ್ದರು. ನಿನ್ನೆ ಹೇಳಿಯಾಯಿತೆಂದು ಇಂದು ಬಿಡುವಂತಿರಲಿಲ್ಲ. ಹೀಗೆ ಕಲಿತ ಮಗ್ಗಿಯು ಎಪ್ಪತ್ತು ವರ್ಷದ ಮುದುಕನ ನಾಲಗೆಯಲ್ಲಿಯೂ ನಿಂತಿರುತ್ತದೆ. ಆ ಕಂಠಪಾಠವೂ ಒಂದು ರಾತ್ರಿಯ ಉರುವೂ ನೋಟಕ್ಕೆ ಒಂದೇ ಆದರೂ, ಒಂದರ ಹಿಂದೆ ಅನೇಕ ದಿನಗಳಿವೆ. ಇನ್ನೊಂದರ ಹಿಂದೆ ಇರುವುದು ಭಯ ಮಾತ್ರ.

'ಅಭ್ಯಾಸ'ವೆಂಬ ಶಬ್ದವೇ ಈ ಮರ್ಮವನ್ನು ತಿಳಿಸುತ್ತದೆ. ಕನ್ನಡದಲ್ಲಿ ಅದಕ್ಕೆ ಓದೆಂಬ ಅರ್ಥವೂ ಉಂಟು, ರೂಢಿಯೆಂಬ ಅರ್ಥವೂ ಉಂಟು. ಸಂಸ್ಕೃತ ವ್ಯಾಕರಣದಲ್ಲಿ ಧಾತುವು ಎರಡು ಸಲ ಉಚ್ಚರಿತವಾದಾಗ ಅದರ ಮೊದಲ ಭಾಗಕ್ಕೆ ಅಭ್ಯಾಸವೆಂದೇ ಹೆಸರು; 'ದದಾತಿ' ಎಂಬಲ್ಲಿ ಮೊದಲನೆಯ ದಕಾರವು ಅಭ್ಯಾಸ. ಮರಳಿ ಬರುವಿಕೆಯೇ ಆ ಶಬ್ದದ ಜೀವಾಳ. ಪತಂಜಲಿಯ ಯೋಗಸೂತ್ರಗಳೂ ಅಭ್ಯಾಸವು ನೆಲೆನಿಲ್ಲುವುದಕ್ಕೆ ದೀರ್ಘಕಾಲ, ದಿನ ತಪ್ಪದ ನಿಯಮ, ಆದರ ಎಂಬ ಮೂರನ್ನು ಅಪೇಕ್ಷಿಸುತ್ತವೆ. ಒಂದೇ ರಾತ್ರಿಯ ಓದಿನಲ್ಲಿ ದೀರ್ಘಕಾಲವೂ ಇಲ್ಲ, ನಿಯಮವೂ ಇಲ್ಲ. ಆದರವಂತೂ ಇರುವುದೇ ಇಲ್ಲ. ಆ ಪುಸ್ತಕ ನಾಳೆಗೆ ಮುಗಿದರೆ ಸಾಕೆಂಬ ಬೇಸರವಿರುತ್ತದೆ.

ಹಿರಿಯರು ಅನುಭವದಿಂದ ಕಂಡುಕೊಂಡುದನ್ನು ಆಧುನಿಕ ಮನಶ್ಶಾಸ್ತ್ರವು ಅಳತೆಮಾಡಿ ತೋರಿಸಿದೆ. ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ಎಂಬ ವಿದ್ವಾಂಸನು 1885ರಲ್ಲಿ ಸ್ಮೃತಿಯನ್ನು ಕುರಿತು ಒಂದು ಗ್ರಂಥವನ್ನು ಪ್ರಕಟಿಸಿದನು. ಅರ್ಥವಿಲ್ಲದ ಉಚ್ಚಾರಾಂಶಗಳ ಸಾಲುಗಳನ್ನು ತಾನೇ ಕಲಿತು, ಮರೆತು, ಮತ್ತೆ ಕಲಿತು, ಪ್ರತಿಸಲವೂ ಎಷ್ಟು ಆವೃತ್ತಿ ಬೇಕಾಯಿತೆಂದು ಅವನು ಲೆಕ್ಕವಿಟ್ಟನು. 12 ಉಚ್ಚಾರಾಂಶಗಳ ಸಾಲನ್ನು ಒಂದೇ ದಿನ ಒಂದೇ ಸಮನೆ 68 ಸಲ ಓದಿದುದರಿಂದ ಮರುದಿನಕ್ಕೆ ಎಷ್ಟು ಪ್ರಯೋಜನವಾಯಿತೋ, ಮೂರು ದಿನಗಳಿಗೆ ಹಂಚಿ 38 ಸಲ ಓದಿದುದರಿಂದ ಹೆಚ್ಚುಕಡಿಮೆ ಅಷ್ಟೇ ಪ್ರಯೋಜನವಾಯಿತು. ಉಳಿದ 30 ಆವೃತ್ತಿಗಳ ದುಡಿಮೆಯನ್ನು ಕಾಲವೇ ಮಾಡಿಕೊಟ್ಟಿತೆನ್ನಬಹುದು.

ಕಾಲವು ಮಾಡುವ ಕೆಲಸದಲ್ಲಿ ನಿದ್ರೆಗೂ ಪಾಲುಂಟು. 1924ರಲ್ಲಿ ಅಮೆರಿಕೆಯ ಕಾರ್ನೆಲ್ ವಿಶ್ವವಿದ್ಯಾಲಯದ ಜೆಂಕಿನ್ಸ್ ಮತ್ತು ಡ್ಯಾಲೆನ್‌ಬಾಕ್ ಎಂಬವರು, ಕಲಿತ ಮೇಲೆ ಎಚ್ಚರವಾಗಿದ್ದವರಿಗಿಂತ ನಿದ್ರೆ ಮಾಡಿದವರಲ್ಲಿ ಮರೆವು ಕಡಿಮೆಯೆಂದು ತೋರಿಸಿದರು. ಹಗಲು ಕಲಿತುದನ್ನು ನಿದ್ರೆಯಲ್ಲಿ ಮಿದುಳು ದೃಢಪಡಿಸಿಕೊಳ್ಳುತ್ತದೆಂಬುದನ್ನು ಅನಂತರದ ಸಂಶೋಧನೆಗಳೂ ಸಮರ್ಥಿಸಿವೆ. ಹೀಗಿರಲು, ನಿದ್ರೆಯನ್ನು ಕೊಂದು ಓದುವವನು ಕಲಿಕೆಗೆ ನೆರವಾಗುವ ಗೆಳೆಯನನ್ನೇ ಮನೆಯಿಂದ ಹೊರಗಟ್ಟಿದಂತಾಗುವುದು. ಒಂದೇ ರಾತ್ರಿ ಸುರಿದ ಜಡಿಮಳೆಯ ನೀರು ಹೊಲದ ಮೇಲೆ ಹರಿದು ಮಣ್ಣನ್ನೂ ಕೊಚ್ಚಿಕೊಂಡು ಹೋಗುತ್ತದೆ. ಬಿಟ್ಟು ಬಿಟ್ಟು ಬಂದ ಹದಮಳೆ ಬೇರಿಗೆ ಇಳಿಯುತ್ತದೆ. ಒಕ್ಕಲಿಗನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟಾದರೂ ಒಂದು ಸಂದೇಹ ಉಳಿಯುತ್ತದೆ. ಇಷ್ಟೊಂದು ನಷ್ಟವಿದ್ದರೆ ವಿದ್ಯಾರ್ಥಿಗಳು ಅದನ್ನೇ ಏಕೆ ನೆಚ್ಚುತ್ತಾರೆ? ಅದಕ್ಕೆ ಉತ್ತರವು 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಅಮೆರಿಕೆಯ ವಿದ್ವಾಂಸರು ಪ್ರಕಟಿಸಿದ ಒಂದು ಪ್ರಯೋಗದಲ್ಲಿ ದೊರೆಯುತ್ತದೆ. ಒಂದು ಗುಂಪಿನ ವಿದ್ಯಾರ್ಥಿಗಳು ಗದ್ಯಭಾಗವೊಂದನ್ನು ನಾಲ್ಕು ಅವಧಿಗಳಲ್ಲಿಯೂ ಓದಿದರು. ಇನ್ನೊಂದು ಗುಂಪಿನವರು ಮೊದಲ ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರು ಅವಧಿಗಳಲ್ಲಿ ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ಮೇಲೆ ಪರೀಕ್ಷಿಸಿದಾಗ ಓದಿದವರಿಗೆ ನೂರಕ್ಕೆ 83 ಭಾಗ ನೆನಪಿತ್ತು, ಬರೆದವರಿಗೆ 71. ಒಂದು ವಾರದ ಮೇಲೆ ಓದಿದವರಲ್ಲಿ ಉಳಿದದ್ದು 40, ಬರೆದವರಲ್ಲಿ 61. ಮುಂದೆ ತಮಗೆ ಚೆನ್ನಾಗಿ ನೆನಪಿರುವುದೆಂದು ಹೆಚ್ಚು ನಂಬಿಕೊಂಡಿದ್ದವರಾದರೋ ಬರಿದೇ ಓದಿದವರೇ!

ಸೂಕ್ಷ್ಮವಿರುವುದು ಇಲ್ಲಿಯೇ. ಕಣ್ಣಮುಂದೆ ಪುಸ್ತಕವಿರುವಾಗ ಎಲ್ಲವೂ ಪರಿಚಿತವೆಂದು ತೋರುತ್ತದೆ. ಪರಿಚಯವನ್ನೇ ಮನಸ್ಸು ಜ್ಞಾನವೆಂದು ಬಗೆಯುತ್ತದೆ. ಅಂತರವಿಟ್ಟು ಓದುವವನಿಗೆ ಈ ಸುಖವಿಲ್ಲ. ಮೂರು ದಿನ ಬಿಟ್ಟು ಬಂದು ಪುಸ್ತಕ ಮುಚ್ಚಿ ಹೇಳಹೊರಟರೆ ಅರ್ಧ ಮರೆತಿರುತ್ತದೆ. ಅವನಿಗೆ ನಾಚಿಕೆಯಾಗುತ್ತದೆ, ಬೇಸರವಾಗುತ್ತದೆ. ಆದರೂ ತಡವರಿಸಿ ನೆನೆಯುವ ಆ ಶ್ರಮದಿಂದಲೇ ಪಾಠವು ಗಟ್ಟಿಯಾಗುವುದು. ಅದಕ್ಕಿಂತ ದೊಡ್ಡ ಲಾಭವೆಂದರೆ, ತನಗೆ ತಿಳಿಯದುದು ಯಾವುದೆಂದು ಅವನಿಗೆ ದಿನದಿನವೂ ತಿಳಿಯುತ್ತಿರುತ್ತದೆ. ಉರುಹೊಡೆಯುವವನು ತನ್ನ ಅಜ್ಞಾನದ ಮುಖವನ್ನು ಒಮ್ಮೆಯೂ ನೋಡುವುದಿಲ್ಲ. ಪರೀಕ್ಷಕನನ್ನು ವಂಚಿಸುವ ಮೊದಲೇ ಅವನು ತನ್ನನ್ನು ವಂಚಿಸಿಕೊಂಡಿರುತ್ತಾನೆ. ಬಲ್ಲೆನೆಂಬ ನುಡಿಗೂ ಬಲ್ಲತನಕ್ಕೂ ನಡುವೆ ಬಿರುಕು ಬಿಡುವುದು ಇಂತಹ ಸಣ್ಣ ವಿಷಯದಿಂದಲೇ ಮೊದಲಾಗುತ್ತದೆ.

ಈ ವಂಚನೆಯ ಫಲವನ್ನು ಉಣ್ಣುವವನು ಅವನೊಬ್ಬನೇ ಅಲ್ಲ. ಔಷಧದ ಪ್ರಮಾಣವನ್ನು ಒಂದು ರಾತ್ರಿಗೆ ಕಲಿತು ಮರೆತವನ ಕೈಗೆ ರೋಗಿ ಬರುತ್ತಾನೆ. ಗಣಿತವನ್ನು ಹಾಗೆ ದಾಟಿದವನು ನಾಳೆ ಉಪಾಧ್ಯಾಯನಾಗಿ ನಾಲ್ವತ್ತು ಮಕ್ಕಳ ಮುಂದೆ ನಿಲ್ಲುತ್ತಾನೆ. ಭಕ್ತರು ತಮ್ಮ ಕಣದಿಂದ ತಂದು ಸಲ್ಲಿಸಿದ ಜೋಳ ಅಕ್ಕಿಗಳಿಂದ ಪ್ರಸಾದನಿಲಯಗಳು ನಡೆಯುತ್ತವೆ. ಅಲ್ಲಿ ಉಂಡು ಕಲಿತ ವಿದ್ಯೆಯು ಸಮಾಜಕ್ಕೆ ಸಲ್ಲಬೇಕಾದ ಋಣ. ಮರೆತುಹೋದ ವಿದ್ಯೆಯನ್ನು ದಾಸೋಹ ಮಾಡುವುದೆಂತು?

ಆಯ್ದಕ್ಕಿ ಮಾರಯ್ಯನವರ ಕಥೆ ಭಕ್ತರಿಗೆಲ್ಲ ತಿಳಿದದ್ದೇ. ಬಿದ್ದ ಅಕ್ಕಿಯನ್ನು ಆಯ್ದು ತರುವುದು ಅವರ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದರು. ದಿನದ ಕಾಯಕವು ದಿನಕ್ಕೆ ಸಲ್ಲಬೇಕು. ಒಂದೇ ದಿನ ಬಾಚಿಕೊಳ್ಳುವ ಆತುರವು ಆಸೆಯ ಮಗುವೆಂಬುದು ಆ ತಾಯಿಯ ಅರಿವು. ವಿದ್ಯಾರ್ಥಿಗೆ ಓದೇ ಕಾಯಕ. ದಿನದಿನದ ಪಾಠವನ್ನು ಬಿಟ್ಟು ಕೊನೆಯ ರಾತ್ರಿ ಬಾಚಿಕೊಳ್ಳಹೊರಡುವವನಿಗೆ ಬೇಕಾದುದು ಅಂಕದ ಗಳಿಕೆ. ವಿದ್ಯೆಯ ಗೊಡವೆ ಅವನಿಗಿಲ್ಲ.

ಬಡವರ ಮಕ್ಕಳಿಗೆ ದಿನವೂ ಓದಲು ಬಿಡುವೆಲ್ಲಿದೆಯೆಂದು ಕೆಲವರು ಕೇಳಬಹುದು. ಅಂತರವಿಟ್ಟು ಓದುವುದಕ್ಕೆ ಹೆಚ್ಚು ಕಾಲ ಬೇಕಾಗಿಲ್ಲ, ಇರುವ ಕಾಲವನ್ನು ಹಂಚಿಕೊಂಡರೆ ಸಾಕು. ಒಂದು ರಾತ್ರಿಯ ಎರಡು ಗಂಟೆಯೂ ಆರು ದಿನಗಳ ಇಪ್ಪತ್ತಿಪ್ಪತ್ತು ನಿಮಿಷವೂ ಲೆಕ್ಕಕ್ಕೆ ಒಂದೇ. ಇಂದು ಕಲಿತುದನ್ನು ನಾಳೆ ಒಮ್ಮೆ, ಮೂರು ದಿನದ ಮೇಲೆ ಒಮ್ಮೆ, ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಪುಸ್ತಕ ಮುಚ್ಚಿ ನೆನೆಯಬೇಕು. ತಪ್ಪಿದಲ್ಲಿ ತೆರೆದು ತಿದ್ದಿಕೊಳ್ಳಬೇಕು. ಹೆಚ್ಚು ಕಾಲ ಉಳಿಯಬೇಕಾದುದಕ್ಕೆ ಆವೃತ್ತಿಗಳ ಅಂತರವೂ ಬರುಬರುತ್ತ ಹೆಚ್ಚಬೇಕು. ನಾಳೆಯೇ ಪರೀಕ್ಷೆ, ಇಂದಿನವರೆಗೆ ಓದಿಲ್ಲವೆಂಬವನು ಇಂದು ಓದಬಾರದೆಂದು ಯಾರೂ ಹೇಳರು. ಅಂದಿನ ಓದು ಅಂದಿನ ಸಂಕಟಕ್ಕೆ ಒದಗಬಹುದು. ಅದನ್ನೇ ಅವನು ವಿದ್ಯೆಯೆಂದು ತಿಳಿಯದಿದ್ದರೆ ಸರಿ.

ಇನ್ನು ಹೊಣೆ ಯಾರದು? ಹುಡುಗನನ್ನು ಮಾತ್ರ ಜರೆದು ಫಲವಿಲ್ಲ. ವರ್ಷದ ಕೊನೆಗೆ "ಎಷ್ಟು ಅಂಕ ಬಂತು?" ಎಂದು ಕೇಳುವ ತಂದೆಯು, ನಡುವಣ ದಿನಗಳಲ್ಲಿ "ಮೊನ್ನೆ ಏನು ಕಲಿತೆ, ಹೇಳು ಮಗಾ" ಎಂದು ಎಷ್ಟು ಸಲ ಕೇಳಿದ್ದಾನೆ? ಅದನ್ನು ಕೇಳುವುದಕ್ಕೆ ಓದುಬರಹವೂ ಬೇಡ. ಅಕ್ಷರವರಿಯದ ತಾಯಿಯೂ ರೊಟ್ಟಿ ಬಡಿಯುತ್ತ ಕೇಳಬಹುದು. ಮಗು ತಡವರಿಸಿದರೆ ಗದರದೆ ಕಾಯಬೇಕು. ತಿಳಿಯದೆಂದರೆ ಆ ಸತ್ಯಕ್ಕೆ ಮೆಚ್ಚಬೇಕು. ಮರೆತೆನೆಂದು ಹೇಳಲು ಅಂಜದ ಮಗುವು ಮತ್ತೆ ಕಲಿಯಲೂ ಅಂಜದು. ದಿನವೂ ಲಿಂಗಪೂಜೆ ಮಾಡುವ ಮನೆಯಲ್ಲಿ, ಇಡೀ ವರ್ಷದ ಪೂಜೆಯನ್ನು ಶಿವರಾತ್ರಿಯೊಂದರಲ್ಲಿಯೇ ಮುಗಿಸಿಬಿಡುವೆನೆಂದರೆ ಹಿರಿಯರು ಒಪ್ಪುವರೆ? ಓದಿನ ವಿಷಯದಲ್ಲಿಯೂ ಅದೇ ವಿವೇಕವನ್ನು ಅವರು ತೋರಲಿ. ದೀಪವು ಒಂದು ರಾತ್ರಿಯೆಲ್ಲ ಉರಿಯುವುದಕ್ಕಿಂತ ಪ್ರತಿಸಂಜೆಯೂ ಸ್ವಲ್ಪ ಹೊತ್ತು ಉರಿಯುವುದು ಮನೆಗೆ ಮೇಲು.